ಬೋಟಿನ ಹೊಟ್ಟೆಯೊಳಗಿನ ಹಗ್ಗ

21 ಸೆಪ್ಟೆಂಬರ್ 2025, ರವಿವಾರ

ಬಿ.ಪಿ. 156/94.

ಡಾಕ್ಟರ್ ಬರೆಯಲು ಹೇಳಿದ್ದು ಇಷ್ಟೇ. ದಿನಕ್ಕೊಮ್ಮೆ ಅಂಕಿ ಬರೆದಿಟ್ಟು ತಿಂಗಳಾದ ಮೇಲೆ ತೋರಿಸಬೇಕಂತೆ. ಅಷ್ಟಕ್ಕೆ ನನ್ನ ಮಗಳು ಸಂಘಮಿತ್ರಾ ಧಾರವಾಡದಿಂದ ದಪ್ಪ ರಟ್ಟಿನ ಡೈರಿ ತಂದುಕೊಟ್ಟಿದ್ದಾಳೆ. ಸರ್ಕಾರಿ ಶಾಲೆಯ ಟೀಚರ್ ಅಲ್ಲವೇ, ನೋಟ್‌ಬುಕ್ ಇಲ್ಲದೆ ಯಾವ ರೋಗವೂ ವಾಸಿಯಾಗುವುದಿಲ್ಲ ಎಂದು ಅವಳ ನಂಬಿಕೆ. ಇಷ್ಟು ದೊಡ್ಡ ಪುಟಕ್ಕೆ ಎರಡೇ ಅಂಕಿ! ಉಳಿದ ಜಾಗ ದಂಡವಾಗುವುದನ್ನು ನೋಡಲಾರದೆ ಬರೆಯುತ್ತಿದ್ದೇನೆ. ಓದುವವರು ಯಾರೂ ಇಲ್ಲ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು.

ಇವತ್ತು ಅಮಾವಾಸ್ಯೆಯಾದರೂ ಪಂಪು ರಿಪೇರಿಯ ಅಂಗಡಿ ತೆಗೆದಿದ್ದೆ. ಇಬ್ಬರು ಬಂದರು. ಇಬ್ಬರೂ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ ಒಂದೇ ಮಾತು ಕೇಳಿದರು: "ಮಾಲಕರು ಇಲ್ಲೇನ್ರಿ?" ಮಾಲಕರು ಹೋಗಿ ಹದಿನೈದು ತಿಂಗಳಾಯಿತು. ಹಾರ ಹಾಕಿದ ಫೋಟೋ ಅವರ ಮೂಗಿನ ಎದುರಿಗೇ ಇದೆ. "ನಾ ಅದೇನಲ್ರಿ, ಏನಾಗೇತಿ?" ಎಂದರೆ, "ಇರ್ಲಿ ಬಿಡ್ರಿ ಅಕ್ಕಾರ, ಆಮ್ಯಾಲೆ ಬರ್ತೇನಿ" ಎಂದು ತಂದ ಪಂಪನ್ನು ಹೊತ್ತುಕೊಂಡು ಹೊರಟೇಬಿಟ್ಟರು. ಅದರಲ್ಲಿ ಒಬ್ಬನ ಮೋಟಾರ್ ನನಗೆ ಗುರುತು ಸಿಕ್ಕಿತು. ಅದರೊಳಗಿನ ತಾಮ್ರದ ತಂತಿಯನ್ನು ಎರಡು ಸಲ ಸುತ್ತಿದವಳು ನಾನೇ. ನಮ್ಮವರು ಹೊರಗೆ ನಿಂತು ಪಂಪು ಬಿಚ್ಚುತ್ತಿದ್ದರು, ಜೋಡಿಸುತ್ತಿದ್ದರು, ಗಿರಾಕಿಗಳ ಜೊತೆ ಮಾತಾಡುತ್ತಿದ್ದರು. ನಾನು ಇಪ್ಪತ್ತಾರು ವರ್ಷ ಪರದೆಯ ಹಿಂದೆ ಕೂತು ವೈಂಡಿಂಗ್ ಮಾಡಿದೆ. ಪಂಪು ನೋಡುವುದು ನನಗೆ ಬರುತ್ತದೆಂದು ಯಾರೂ ನಂಬುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಅಷ್ಟೇನೂ ನಂಬಿಕೆಯಿಲ್ಲ.

ಅದಕ್ಕೇ ಸಂಘಮಿತ್ರಾಗೆ ಮಾತು ಕೊಟ್ಟಿದ್ದೇನೆ. ಈ ವರ್ಷದ ಖಂಡೇಪೂಜೆ, ಅಂದರೆ ಆಯುಧಪೂಜೆ ಮುಗಿಸಿ, ಮರುದಿನ ಬನ್ನಿ ಹಬ್ಬಕ್ಕೆ ಅಂಗಡಿಯ ಕೀಲಿಯನ್ನು ನಮ್ಮ ಓಣಿಯ ಹುಡುಗ ಶಶಿಕುಮಾರನಿಗೆ ಕೊಡುವುದು. ಅವನು ಮೊಬೈಲ್ ಕವರ್ ಮಾರುತ್ತಾನಂತೆ. ನಾನು ಧಾರವಾಡಕ್ಕೆ ಹೋಗಿ ಮಗಳ ಮನೆಯಲ್ಲಿ ಟಿ.ವಿ. ನೋಡುತ್ತ ಕೂರುವುದು!

ಸಂಜೆ ಶಟರ್ ಎಳೆಯುವಾಗ ಓಣಿಗೆಲ್ಲ ಕೇಳುವಂತೆ ಕಿರುಗುಟ್ಟಿತು. ಇನ್ನು ಹನ್ನೊಂದು ದಿನಕ್ಕೆ ಎಣ್ಣೆ ಹಾಕಿ ಏನು ಮಾಡುವುದು?

23 ಸೆಪ್ಟೆಂಬರ್, ಮಂಗಳವಾರ

ಬಿ.ಪಿ. 158/96. ಇದು ಖುಷಿಯಿಂದ ಏರಿದ್ದು, ಡಾಕ್ಟರು ಬೈಯಬಾರದು.

ಮಧ್ಯಾಹ್ನ ಒಬ್ಬರು ಬಂದರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿದ್ದಾರೆ, ಕಾಲಿಗೆಲ್ಲ ಒಣಗಿದ ರಾಡಿ. ಹೆಸರು ಕಮರುದ್ದೀನ, ಧಾರವಾಡ ರಸ್ತೆಯ ಆಚೆಯ ಕೆರೆಯಲ್ಲಿ ಬೋಟಿಂಗ್ ನಡೆಸುತ್ತಾರೆ. ಅದೇ ಪ್ರಶ್ನೆ: "ಮಾಲಕರು ಇಲ್ಲೇನ್ರಿ?" ನಾನು ಫೋಟೋ ತೋರಿಸಿದೆ. ಅವರು ಕೈ ಮುಗಿದು, "ಮಾಫ್ ಮಾಡ್ರಿ ಅಕ್ಕಾರ, ಗೊತ್ತಿರ್ಲಿಲ್ಲ. ಬೋಟಿನ ಪಂಪ್ ಜಾಮ್ ಆಗೇತಿ ಅಂತ ಬಂದಿದ್ದೆ" ಎಂದು ಹೊರಟರು.

"ಬೋಟಿನ್ಯಾಗ ಪಂಪ್ ಯಾಕ್ರಿ? ಒಳಗ ಬಂದ ನೀರು ಹೊರಗ ಹಾಕಾಕ?"

"ಅಲ್ರೀ, ನನ್ನ ಬೋಟ್ ಓಡೂದ ಪಂಪಿನ ಮ್ಯಾಲೆ."

ಚಾಕ್‌ಪೀಸ್ ಕೊಟ್ಟು ಕೂರಿಸಿದೆ. ಅವರು ನೆಲದ ಮೇಲೆ ಚಿತ್ರ ಬರೆದರು. ಮುಂದೆ ಡೀಸೆಲ್ ಎಂಜಿನ್. ಅದರಿಂದ ಹೊರಟ ಉದ್ದನೆಯ ಶಾಫ್ಟು. ಶಾಫ್ಟಿನ ತುದಿಗೆ ನಮ್ಮ ಪಂಪಿನಲ್ಲಿರುವಂಥದ್ದೇ ಇಂಪೆಲ್ಲರ್, ಅಂದರೆ ನೀರು ತಳ್ಳುವ ಚಕ್ರ. ಬೋಟಿನ ಹೊಟ್ಟೆಯ ಕೆಳಗೆ ಸರಳುಗಳ ಜಾಳಿಗೆ, ಅಲ್ಲಿಂದ ನೀರು ಒಳಗೆ ಎಳೆದು ಬಾಲದಿಂದ ಹಿಂದಕ್ಕೆ ಎಸೆಯುತ್ತದೆ. ಎಸೆದ ರಭಸಕ್ಕೆ ಬೋಟು ಮುಂದೆ ನುಗ್ಗುತ್ತದೆ. ನನಗೆ ಮೈ ಜುಮ್ಮೆಂದಿತು! ಇಷ್ಟು ವರ್ಷ ಹೊಲಕ್ಕೆ ನೀರು ಬಿಡುವ ಪಂಪು ನೋಡಿದ್ದೇನೆ, ತಾನೇ ಓಡಿಹೋಗುವ ಪಂಪು ಇದೆಯೆಂದು ಯಾರೂ ಹೇಳಿರಲಿಲ್ಲ.

ಆಗಿದ್ದು ಇಷ್ಟು. ರವಿವಾರ ಒಂದು ಪೆಡಲ್ ಬೋಟು ಅಂತರಗಂಗೆ ಕಳೆಯಲ್ಲಿ ಸಿಕ್ಕಿಕೊಂಡಿತು. ಇವರು ಜೆಟ್ ಬೋಟು ಒಯ್ದು, ಮೂವತ್ತು ಅಡಿ ನೈಲಾನ್ ಹಗ್ಗ ಕಟ್ಟಿ ಎಳೆಯುತ್ತಿದ್ದರು. ನಡುವೆ ಹಗ್ಗ ಸಡಿಲಾದದ್ದನ್ನು ನೋಡದೆ ಬೋಟು ಹಿಂದೆ ತೆಗೆದುಕೊಂಡರು. ಹಗ್ಗ ಹೊಟ್ಟೆಯ ಕೆಳಗೆ ಹೋಗಿ, ಜಾಳಿಗೆಯೊಳಗೆ ನುಗ್ಗಿ, ಶಾಫ್ಟಿಗೆ ಸುತ್ತಿಕೊಂಡು, ಎಂಜಿನ್ ನರಳಿ ನಿಂತಿತು. ಕಾಪಾಡುವ ಬೋಟು ಅದೊಂದೇ. ಅದಿಲ್ಲದೆ ಹಬ್ಬದ ಸೂಟಿಯಲ್ಲಿ ಒಂದು ಪೆಡಲ್ ಬೋಟನ್ನೂ ನೀರಿಗೆ ಬಿಡುವಂತಿಲ್ಲ. ಗೋವಾದ ಮೆಕ್ಯಾನಿಕ್ ದೀಪಾವಳಿ ಆದ ಮೇಲೇ ಬರುವುದಂತೆ.

"ನಾ ನೋಡ್ತೇನಿ" ಎಂದೆ. ಬಾಯಿಂದ ಹೇಗೆ ಬಂತೋ!

ಅವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ನೀವಾ?"

"ಅವರಂತೂ ಬರೂ ಹಂಗಿಲ್ಲಲ್ರಿ. ಖಂಡೇಪೂಜಿಗೆ ಬೋಟ್ ಓಡಿಸಿ ಕೊಡ್ತೇನಿ. ಆದ್ರ ಒಂದು ಮಾತು, ನೀರಿಗೆ ಮಾತ್ರ ಇಳಿಯಂಗಿಲ್ಲ."

ಒಂಬತ್ತು ವರ್ಷದವಳಿದ್ದಾಗ ಶಿರಗುಪ್ಪಿಯ ಕೆರೆಯಲ್ಲಿ ಕೊಡ ತುಂಬಲು ಹೋಗಿ ಜಾರಿದವಳು ನಾನು. ಯಾರೋ ಜಡೆ ಹಿಡಿದು ಎಳೆದು ಉಳಿಸಿದರು. ಈಗಲೂ ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಒಂದು ಕೈ ಬಚ್ಚಲಿನ ಗೋಡೆಯ ಮೇಲಿರುತ್ತದೆ.

24 ಸೆಪ್ಟೆಂಬರ್, ಬುಧವಾರ

ಬಿ.ಪಿ. 152/92.

ಕೆರೆಗೆ ಹೋಗಿ ಬಂದೆ. ದಂಡೆಯಿಂದ ಹತ್ತು ಹೆಜ್ಜೆ ದೂರ ನಿಂತೇ ನೋಡಿದೆ. ಬೋಟನ್ನು ಹಲಗೆಯ ಕಟ್ಟೆಗೆ ಕಟ್ಟಿದ್ದಾರೆ. ಮೇಲೆ ಎತ್ತಿಸಿ ಎಂದರೆ, ಮಳೆಗೆ ದಂಡೆಯೆಲ್ಲ ಎರೆಮಣ್ಣಿನ ಕೆಸರು, ಕ್ರೇನ್ ತಂದರೆ ಕ್ರೇನೇ ಹೂತುಹೋಗುತ್ತದೆ ಎಂದರು. ನೀರಿನಲ್ಲೇ ಕೆಲಸ ಆಗಬೇಕು.

ಕಮರುದ್ದೀನಣ್ಣ ಫೋನಿನಲ್ಲಿ ವಿಡಿಯೋ ತೆಗೆದು ತಂದು ತೋರಿಸಿದರು. ಎಂಜಿನ್ ಹಿಂದೆ ದುಂಡನೆಯ ಮುಚ್ಚಳವಿದೆ. ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಸಿದೆ. ಒಳಗೆ ಶಾಫ್ಟು ಕಾಣುತ್ತದೆ. ಶಾಫ್ಟೆಲ್ಲಿ, ನೀಲಿ ಹಗ್ಗವೇ ಕಾಣುತ್ತದೆ! ತಂತಿ ಸುತ್ತುವ ನನಗೇ ನಾಚಿಕೆಯಾಗುವಷ್ಟು ಬಿಗಿಯಾಗಿ ಸುತ್ತಿದೆ.

ಬೋಟಿನ ಕೀಲಿ ಇಸಿದುಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡೆ. ನಮ್ಮ ಅಂಗಡಿಯ ನೇಮ ಅದು. ಯಾರ ಕೈ ಮಷೀನಿನೊಳಗಿದೆಯೋ ಫ್ಯೂಜು ಅವರ ಹತ್ತಿರವೇ ಇರಬೇಕು. ಕಮರುದ್ದೀನಣ್ಣ ನಕ್ಕರು. "ಅಕ್ಕಾರ, ನನ್ನ ಮ್ಯಾಲೆ ಅಷ್ಟು ಸಂಶೆ ಏನ್ರಿ?" ಹಗ್ಗ ನೋಡದೆ ಬೋಟು ಹಿಂದೆ ತೆಗೆದವರನ್ನು ನಂಬುವುದು ಹೇಗೆ ಎಂದು ನಾನೂ ನಕ್ಕೆ.

25 ಸೆಪ್ಟೆಂಬರ್, ಗುರುವಾರ

ಬಿ.ಪಿ. 160/98.

ನೀರಿನ ಕಡೆ ನೋಡದೆ ಬೋಟು ಹತ್ತಿ, ದಿನವಿಡೀ ಅದರ ಬಾಲದ ಕಡೆ ಕೂತು ಹಗ್ಗದ ತುದಿ ಎಳೆದೆ. ಕಮರುದ್ದೀನಣ್ಣ ಎಂಜಿನ್ ಕಡೆಯಿಂದ ಪೈಪ್ ಪಾನಾ ಎಂಬ ದೊಡ್ಡ ಸ್ಪ್ಯಾನರ್ ಹಾಕಿ, ನಾನು ಹೇಳಿದ ಕಡೆಗೆ ಶಾಫ್ಟು ತಿರುಗಿಸಿದರು. ಬಿಚ್ಚುವುದಿರಲಿ, ಇನ್ನೂ ಬಿಗಿಯಾಯಿತು. ಅಂಗೈ ಸುಲಿದಿದೆ. ಸಂಘಮಿತ್ರಾ ಫೋನ್ ಮಾಡಿ, "ಅವ್ವಾ, ಇನ್ನೊಂದು ವಾರ ಆರಾಮ ಕುಂದ್ರಬಾರದೇನು?" ಎಂದಳು. ಸಿಟ್ಟು ಬಂದು ಇಟ್ಟುಬಿಟ್ಟೆ. ಸಾಕು.

26 ಸೆಪ್ಟೆಂಬರ್, ಶುಕ್ರವಾರ

ದಡ್ಡಿ ನಾನು! ಶುದ್ಧ ದಡ್ಡಿ!

ಬೆಳಿಗ್ಗೆ ಅಂಗಡಿಯ ಕಸ ಹೊಡೆಯುವಾಗ ಮೂಲೆಯ ಹಳೆಯ ಪಂಪಿನ ಮೈಮೇಲಿನ ಬಾಣದ ಗುರುತು ಕಂಡಿತು. ಚಕ್ರ ಯಾವ ಕಡೆ ತಿರುಗುತ್ತದೆಂದು ತೋರಿಸುವ ಬಾಣ. ಪೊರಕೆ ಕೈಯಲ್ಲೇ ಉಳಿಯಿತು. ನಮ್ಮ ಜನ ಪಂಪನ್ನು ನೋಡುವುದು ಯಾವಾಗಲೂ ಮೋಟಾರಿನ ಕಡೆ ಕೂತು. ಅಲ್ಲಿಂದ ಚಕ್ರ ಬಲಕ್ಕೆ ತಿರುಗಿದರೆ, ಎದುರಿನ ಕಡೆ ಕೂತವರಿಗೆ ಅದೇ ಎಡಕ್ಕೆ ತಿರುಗಿದ ಹಾಗೆ. ನಿನ್ನೆ ನಾನು ಕೂತಿದ್ದು ಬೋಟಿನ ಬಾಲದ ಕಡೆ! ಕೈ ಮಾತ್ರ ಹಳೇ ರೂಢಿಯ ಪ್ರಕಾರ "ಈ ಕಡೆ ತಿರುಗಿಸ್ರಿ" ಎಂದು ತೋರಿಸುತ್ತಿತ್ತು. ಹಗ್ಗ ಬಿಚ್ಚಲು ಹೋದವಳು ದಿನವಿಡೀ ಬಿಗಿ ಮಾಡಿ ಬಂದಿದ್ದೇನೆ!

ಚಹಾ ಕುಡಿಯದೆ ಆಟೋ ಹತ್ತಿದೆ. ಕಮರುದ್ದೀನಣ್ಣನಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಗಾರ ನಿನ್ನಿ ಸುತ್ತಿದ್ದು ನೀವು, ರವಿವಾರ ಸುತ್ತಿದ್ದು ನಾನು. ಇಬ್ಬರೂ ಕೂಡಿ ಬಿಚ್ಚೂಣು ಬರ್ರಿ."

ಉಲ್ಟಾ ತಿರುಗಿಸಿದೆವು. ಒಂದು ಸುತ್ತು ಬಂತು! ಎರಡು! ನಾನು ಬಾಯಲ್ಲಿ ಎಣಿಸುತ್ತ ಹೋದೆ, ಸುಟ್ಟ ಮೋಟಾರಿನ ತಂತಿ ಬಿಚ್ಚುವಾಗ ಎಣಿಸುವ ಹಾಗೆ. ಒಂಬತ್ತು ಸುತ್ತು ಬಂದು ನಿಂತಿತು. ಮುಂದಿನದು ರವಿವಾರ ತಿಕ್ಕಾಟದ ಬಿಸಿಗೆ ಕರಗಿ, ಒಂದಕ್ಕೊಂದು ಅಂಟಿ ಗಟ್ಟಿಯಾಗಿದೆ.

ಕರಗಿದರೆ ಕರಗಲಿ. ಸುಟ್ಟ ಕಾಯಿಲ್ ಸಹ ಹೀಗೇ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ಬಿಚ್ಚಲು ಹೋಗಬಾರದು. ಒಂದು ಕಡೆ ಉದ್ದಕ್ಕೆ ಕೊಯ್ದು ಇನ್ನೊಂದು ಕಡೆಯಿಂದ ಎಳೆಯಬೇಕು. ಇದು ನನ್ನ ಕೆಲಸ! ಇದು ಗೋವಾದವನಿಗೆ ಬರುತ್ತದೋ ಇಲ್ಲವೋ!

27 ಸೆಪ್ಟೆಂಬರ್, ಶನಿವಾರ

ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿಕೆ ಮಾಡಿಕೊಂಡು, ಮುಚ್ಚಳದ ಬಾಯಿಂದ ಕೈ ಹಾಕಿ ಕೊಯ್ದೆ. ಶಾಫ್ಟಿಗೆ ಗೀರು ಬೀಳದಂತೆ ನಿಧಾನವಾಗಿ. ಬಳೆಯ ತುಂಡುಗಳ ಹಾಗೆ ಹಗ್ಗದ ಉಂಗುರಗಳು ಬಂದವು. ಹನ್ನೆರಡು ತುಂಡು!

ಉಳಿದದ್ದು ಆಳದಲ್ಲಿ, ಚಕ್ರದ ಬಾಯಿಯ ಹತ್ತಿರ ಗಂಟಾಗಿ ಕೂತಿದೆ. ಮೇಲಿನಿಂದ ನಿಲುಕುವುದಿಲ್ಲ. ಕೆಳಗಿನ ಜಾಳಿಗೆಯಿಂದಲೇ ಕೈ ಹಾಕಬೇಕು. ಕಮರುದ್ದೀನಣ್ಣ ನೀರಿಗಿಳಿದು, ಜಾಳಿಗೆಯ ಒಂದು ಸರಳು ಬಿಚ್ಚಿ ಪ್ರಯತ್ನಿಸಿದರು. ಅವರ ಕೈ ಮಣಿಕಟ್ಟಿನ ಹತ್ತಿರವೇ ಸಿಕ್ಕಿಕೊಂಡಿತು. ಅಷ್ಟು ಇಕ್ಕಟ್ಟಿನಲ್ಲಿ ಓಡಾಡುವುದು ವೈಂಡಿಂಗ್ ಮಾಡಿದ ಕೈ ಮಾತ್ರ. ಬೇರೆ ದಾರಿ ಇರಲಿಲ್ಲ. ಸೀರೆ ಬಿಗಿದು ಕಚ್ಚೆ ಹಾಕಿ, ಮೇಲೆ ನಮ್ಮವರ ಖಾಕಿ ಅಂಗಿ ತೊಟ್ಟೆ. ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ಕಟ್ಟೆಯ ಕಂಬಕ್ಕೆ ಬಿಗಿಸಿದೆ. ಮೊದಲು ಪಾದ, ಆಮೇಲೆ ಮೊಣಕಾಲು. ಕೊನೆಗೆ ಎದೆ. ತಲೆಯೊಂದನ್ನು ನೀರಿನ ಮೇಲೆ ಇಟ್ಟು ಜಾಳಿಗೆಯೊಳಗೆ ಕೈ ಹಾಕಿದೆ. ಬೆರಳಿಗೆ ಗಂಟು ಸಿಕ್ಕಿತು, ತೆಂಗಿನಕಾಯಿಯಷ್ಟು ದೊಡ್ಡದು. ಗುರುತು ಹಿಡಿದುಕೊಂಡು ಎದ್ದೆ. ನಾಳೆ ಬಿಡುವುದಿಲ್ಲ ಅದನ್ನು.

28 ಸೆಪ್ಟೆಂಬರ್, ರವಿವಾರ

ಬಂತು! ಪೂರ್ತಿ ಬಂತು!

ಬೆಳಿಗ್ಗೆ ಎಂಟಕ್ಕೇ ಇಳಿದೆ. ಬ್ಲೇಡು ಆಡಬೇಕೆಂದರೆ ತೋಳು ಪೂರ್ತಿ ಒಳಗೆ ಹೋಗಬೇಕು. ತೋಳು ಹೋಗಬೇಕೆಂದರೆ ಕಿವಿ ನೀರಿಗೆ ಹೋಗಬೇಕು, ಆಮೇಲೆ ಕಣ್ಣು, ಆಮೇಲೆ ಮೂಗು. ಹೋದೆ. ಕೆಳಗೆ ಏನೂ ಕಾಣುವುದಿಲ್ಲ, ಎಲ್ಲ ಹಸಿರು ರಾಡಿ. ಮೋಟಾರಿನ ಒಳಗೆ ತಾನೇ ಏನು ಕಾಣುತ್ತದೆ, ಅಲ್ಲಿ ಬೆರಳೇ ಕಣ್ಣು. ಹನ್ನೆರಡು ಸಲ ಬ್ಲೇಡು ಆಡಿಸುವುದು, ಮೇಲೆ ಬಂದು ಉಸಿರು ತೆಗೆದುಕೊಳ್ಳುವುದು, ಮತ್ತೆ ಹನ್ನೆರಡು. ಬ್ಲೇಡು ಮೂರು ಮುರಿದವು. ನಾಲ್ಕನೆಯದಕ್ಕೆ ಗಂಟಿನ ನಡು ಬಿರಿಯಿತು. ಇಕ್ಕಳದಿಂದ ತುದಿ ಹಿಡಿದು ಮೇಲೆದ್ದೆ.

ಎದ್ದರೆ ದಂಡೆಯ ಮೇಲೆ ಸಂಘಮಿತ್ರಾ! ದಸರಾ ಸೂಟಿಯಲ್ಲೂ ಮನೆಮನೆ ಸಮೀಕ್ಷೆಯ ಕೆಲಸ ಅವಳಿಗೆ, ಅದರ ನಡುವೆ ಹೇಗೋ ಬಂದಿದ್ದಾಳೆ. ಚಪ್ಪಲಿ ಒಂದು ಕಡೆ, ಬ್ಯಾಗು ಒಂದು ಕಡೆ ಎಸೆದು ಓಡಿ ಬಂದಳು.

"ಅವ್ವಾ! ಮ್ಯಾಲೆ ಬಾ! ನಿನ್ನ ತಲಿ ನೀರಾಗ ಇತ್ತು!"

"ಇತ್ತು, ಕೈಯಾಗ ಹಗ್ಗನೂ ಇತ್ತು. ತಗೋ, ಈ ತುದಿ ಹಿಡಿ. ನಾ ಹೇಳಿದಾಗ ಎಳಿ."

"ಅವ್ವಾ, ನಿನಗ ನೀರು..."

"ಲಗೂ ಹಿಡೀವಾ! ಮಾತು ಆಮ್ಯಾಲೆ!"

ಅವಳು ಕಟ್ಟೆಯ ಮೇಲಿಂದ, ಕಮರುದ್ದೀನಣ್ಣ ಬೋಟಿನ ಮೇಲಿಂದ, ನಾನು ಕೆಳಗಿನಿಂದ. ಮೂವರೂ ಒಟ್ಟಿಗೆ ಎಳೆದೆವು. ಗಂಟು ಚಕ್ರ ಬಿಟ್ಟು ಹೊರಗೆ ಬಂದ ರಭಸಕ್ಕೆ ಸಂಘಮಿತ್ರಾ ಹಿಂದಕ್ಕೆ ಬಿದ್ದು ಕೂತಳು. ನಾನು ಮತ್ತೆ ಮುಳುಗಿ ಚಕ್ರದ ಎಲೆಗಳನ್ನೆಲ್ಲ ಸವರಿ ನೋಡಿದೆ. ಒಂದು ಎಳೆಯೂ ಉಳಿದಿಲ್ಲ. ಬೆರಳಿನಿಂದ ತಿರುಗಿಸಿದರೆ ತಿರುಗುತ್ತದೆ!

ಸಂಘಮಿತ್ರಾ ಮಾತ್ರ ಕೂತಲ್ಲೇ ಅತ್ತಳು. ಯಾಕೆ ಅಷ್ಟು ಅತ್ತಳೋ ನನಗೆ ತಿಳಿಯಲಿಲ್ಲ. ಬಿಸಿಲಲ್ಲಿ ಮನೆಮನೆ ತಿರುಗಿ ದಣಿದಿದ್ದಾಳೆ, ಪಾಪ.

29 ಸೆಪ್ಟೆಂಬರ್, ಸೋಮವಾರ

ಎಂಜಿನ್ ಶುರುವಾಯಿತು, ಗರ್ಜಿಸಿತು. ಬೋಟು ಮಾತ್ರ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿದೆ. ಬಾಲದಿಂದ ಬರೀ ನೊರೆ. ಕಮರುದ್ದೀನಣ್ಣ ಎಂಜಿನ್ ನಿಲ್ಲಿಸಿ ಕೀಲಿಯನ್ನು ಮತ್ತೆ ನನ್ನ ಕೈಗೆ ಕೊಟ್ಟರು. ಊಟ ಸೇರಲಿಲ್ಲ.

30 ಸೆಪ್ಟೆಂಬರ್, ಮಂಗಳವಾರ

ಬರೀ ನೊರೆ! ನೊರೆ ಎಂದರೆ ಗಾಳಿ! ರೈತರು ಬಂದು "ಮೋಟಾರ್ ತಿರಗತೈತಿ, ನೀರ ಒಗಿಯವಲ್ದು" ಎಂದು, ನೀರು ಎಸೆಯುತ್ತಿಲ್ಲವೆಂದು ದೂರಿದರೆ ನಮ್ಮವರು ಮೊದಲು ಕೇಳುತ್ತಿದ್ದದ್ದೇ "ಗಾಳಿ ಎಲ್ಲಿಂದ ಎಳಿತೈತಿ?" ಎಂದು. ಪರದೆಯ ಹಿಂದೆ ಕೂತು ಸಾವಿರ ಸಲ ಕೇಳಿದ ಮಾತು, ನಿನ್ನೆ ಎಲ್ಲಿ ಹೋಗಿತ್ತು?

ಬೋಟನ್ನು ಕಟ್ಟಿಯೇ ಎಂಜಿನ್ ಸಣ್ಣಗೆ ಓಡಿಸಿ, ದುಂಡನೆಯ ಮುಚ್ಚಳದ ಸುತ್ತ ಸಾಬೂನಿನ ನೊರೆ ಬಳಿದೆ. ಒಂದು ಕಡೆ ನೊರೆ ಸುರ್ರನೆ ಒಳಗೆ ಹೋಯಿತು. ಸಿಕ್ಕಿಬಿದ್ದ ಕಳ್ಳ! ಬುಧವಾರ ಮೀಟಿ ತೆಗೆದಾಗ ಮುಚ್ಚಳದ ರಬ್ಬರ್ ಪ್ಯಾಕಿಂಗ್ ಹರಿದಿದೆ. ತೆಗೆಸಿದವಳು ನಾನೇ, ಅದನ್ನೂ ಬರೆಯುತ್ತೇನೆ. ಎಂಜಿನ್ ನಿಲ್ಲಿಸಿ, ಕೀಲಿ ಸೆರಗಿಗೆ ಕಟ್ಟಿ, ಲಾರಿಯ ಹಳೆಯ ಟ್ಯೂಬಿನ ಮೇಲೆ ದಾರ ಮತ್ತು ಚಾಕ್‌ಪೀಸಿನಿಂದ ದುಂಡಗೆ ಗೆರೆ ಹಾಕಿ ಹೊಸ ಪ್ಯಾಕಿಂಗ್ ಕತ್ತರಿಸಿದೆ. ಕೂರಿಸಿ ಬಿಗಿದೆ.

"ರಿಪೇರಿ ಮಾಡಿದಾವ್ರ ಮೊದಲ ಕೂಡಬೇಕ್ರಿ" ಎಂದರು ಕಮರುದ್ದೀನಣ್ಣ.

ಕೂತೆ. ಕೀಲಿ ತಿರುಗಿಸಿದರು. ಬಾಲದ ಹಿಂದೆ ನೀರು ಆಳೆತ್ತರ ಚಿಮ್ಮಿತು, ಬೋಟಿನ ಮೂಗು ಮೇಲೆದ್ದಿತು. ಅಯ್ಯಯ್ಯೋ, ಏನದು ಓಟ! ದಂಡೆಯ ಮರಗಳೆಲ್ಲ ಹಿಂದೆ ಓಡಿದವು. ನಾನು ಕೂಗುತ್ತಿದ್ದೆನಂತೆ. ಏನೆಂದು ಕೂಗಿದೆ ಎಂದು ಕೇಳಿದರೆ, "ಒಗೀತೈತಿ! ನೀರ ಒಗೀತೈತಿ! ಅಂತ ಒಂದ ಸಮ ಒದರಾಕತ್ತಿದ್ರಿ" ಎಂದು ಕಮರುದ್ದೀನಣ್ಣ ನಕ್ಕರು. ಮುಖಕ್ಕೆ ನೀರು ರಾಚುತ್ತಿತ್ತು. ಮೂರು ಸುತ್ತು ಹೊಡೆಸಿದೆ. ಮೂರನೆಯದರಲ್ಲಿ ಸ್ಟೀರಿಂಗ್ ನಾನೇ ಹಿಡಿದೆ.

1 ಅಕ್ಟೋಬರ್, ಬುಧವಾರ, ಖಂಡೇಪೂಜೆ

ಸಂಘಮಿತ್ರಾಗೆ ಪೂಜೆ ಗೀಜೆ ಸೇರುವುದಿಲ್ಲ, ಅವಳದು ಬುದ್ಧವಿಹಾರ. ಆದರೆ ಅಪ್ಪನ ಪಾನಾಗಳನ್ನು ಒರೆಸಿಡಲು ಪ್ರತಿ ವರ್ಷ ಬರುತ್ತಾಳೆ. ಇವತ್ತು ಒರೆಸುತ್ತ ನನ್ನ ಮುಖ ನೋಡುತ್ತಿದ್ದಳು. ವೈಂಡಿಂಗ್ ಮಷೀನನ್ನು ಈ ಸಲ ಪರದೆಯ ಹಿಂದಿನಿಂದ ತಂದು ಬಾಗಿಲ ಹತ್ತಿರ ಇಟ್ಟೆ, ಅಲ್ಲಿ ಬೆಳಕು ಚೆನ್ನಾಗಿದೆ.

ಆರತಿ ಎತ್ತುವ ಹೊತ್ತಿಗೆ ಕಮರುದ್ದೀನಣ್ಣ ಪೇಢೆಯ ಡಬ್ಬಿ ಹಿಡಿದು ಬಂದರು. "ಎಲ್ಲಾರೂ ಗಾಡಿ ತಂದು ನಿಲ್ಲಿಸ್ಯಾರ. ಬೋಟ್ ತರಾಕ ಆಗ್ಲಿಲ್ಲರಿ ಅಕ್ಕಾರ, ಕೀಲಿ ತಂದೇನಿ" ಎಂದು ಪಾನಾಗಳ ನಡುವೆ ಇಟ್ಟರು. ಚೆಂಡು ಹೂವು ಏರಿಸಿದೆ. ಈ ಕೀಲಿ ಮರಳಿ ಹೋದ ಕೂಡಲೇ ಕೆರೆಯಲ್ಲಿ ಎಲ್ಲ ಬೋಟುಗಳೂ ನೀರಿಗಿಳಿಯುತ್ತವಂತೆ. ಅವರ ಬಾಯಿಂದ ಎಲ್ಲಿಯವರೆಗೆ ಸುದ್ದಿ ಹೋಗಿದೆಯೋ, ಹಬ್ಬದ ದಿನವೂ ಇಬ್ಬರು ಪಂಪು ತಂದಿಟ್ಟು ಹೋದರು.

2 ಅಕ್ಟೋಬರ್, ಗುರುವಾರ, ಬನ್ನಿ ಹಬ್ಬ

ಶಿರಗುಪ್ಪಿಯವರ ಪಂಪು ಬಿಚ್ಚಿ ಮೊಣಕೈಯವರೆಗೆ ಗ್ರೀಸ್ ಮಾಡಿಕೊಂಡು ಕೂತಿದ್ದೆ. ಎದುರಿಗೆ ನೆರಳು ಬಿತ್ತು. ತಲೆ ಎತ್ತಿದರೆ ಶಶಿಕುಮಾರ, ಕೈಯಲ್ಲಿ ಬನ್ನಿ ಎಲೆ. ಇವತ್ತೇ ಅಲ್ಲವೇ ಕೀಲಿ ಕೊಡುವುದು! ನನಗೆ ಪೂರ್ತಿ ಮರೆತೇಹೋಗಿತ್ತು.

ಇಕ್ಕಳ ಕೆಳಗಿಟ್ಟು ಏಳುತ್ತಿರುವಾಗಲೇ ಅವನ ಹಿಂದಿನಿಂದ ಯಾರೋ ಒಬ್ಬರು, ಬೈಕಿನ ಮೇಲೆ ಮೋಟಾರ್ ಕಟ್ಟಿಕೊಂಡು ಬಂದವರು, ಕೂಗಿದರು: "ಮಾಲಕರು ಇಲ್ಲೇನ್ರಿ?"

"ನಾ ಇಲ್ಲೇ ಅದೇನಲ್ರಿ. ಒಳಗ ತಗೊಂಡ ಬರ್ರಿ. ಏನಾಗೇತಿ?"

ಅವರು ಮೋಟಾರ್ ತಂದು ಇಳಿಸಿ, ಸುಟ್ಟ ವಾಸನೆ ಬರುತ್ತದೆಂದು ಹೇಳಿ, ಯಾವಾಗ ಕೊಡ್ತೀರಿ ಎಂದು ಕೇಳಿ ಹೋದರು. ಆಮೇಲೆ ಶಶಿಕುಮಾರನ ಕಡೆ ತಿರುಗಿದೆ.

"ಶಶಿ, ಬೈಯೂದಿದ್ರ ಬೈದುಬಿಡು ತಮ್ಮಾ. ಕೀಲಿ ಕೊಡಾಕ ಆಗಂಗಿಲ್ಲ."

ಅವನು ನಕ್ಕುಬಿಟ್ಟ. "ಕಾಕೂ, ಸಂಘಮಿತ್ರಕ್ಕ ರವಿವಾರ ಸಂಜೀಕನ ಫೋನ್ ಮಾಡ್ಯಾರಲ್ರಿ, ಬ್ಯಾರೆ ಅಂಗಡಿ ನೋಡ್ಕೋ ಅಂತ. ನಾ ಬನ್ನಿ ಕೊಡಾಕ ಬಂದೇನಿ. ತಗೋರಿ, ಬಂಗಾರದ್ಹಂಗ ಇರೂಣು."

ರವಿವಾರವೇ! ನನಗಿಂತ ನಾಲ್ಕು ದಿನ ಮೊದಲೇ ಇಡೀ ಊರಿಗೆ ಗೊತ್ತಾಗಿದೆ, ನನ್ನ ಅಂಗಡಿಯ ಸುದ್ದಿ ನನಗೇ ಕೊನೆಗೆ! ಸಂಘಮಿತ್ರಾ ವಿಹಾರದಿಂದ ಬರಲಿ, ಅವಳಿಗಿದೆ. ಗ್ರೀಸಿನ ಕೈಯಲ್ಲೇ ಬನ್ನಿ ತೆಗೆದುಕೊಂಡು ಎರಡು ಎಲೆ ಅವನಿಗೂ ಕೊಟ್ಟೆ. ಅವನ ಬಿಳಿ ಅಂಗಿಗೆ ಕಲೆಯಾಯಿತು.

ಆರು ಗಂಟೆಗೆ ಶಟರ್ ಎಳೆದೆ. ಎಂಥ ಕೆಟ್ಟ ಸದ್ದು ಮಾಡುತ್ತದೆ ಅದು. ನಾಳೆ ಮೊದಲು ಅದಕ್ಕೆ ಎಣ್ಣೆ ಹಾಕಬೇಕು.